ಮಳೆಗೆ ಒಂದು ಒಲೆ, ಬೇಸಿಗೆಗೆ ಎರಡು

ಒಪ್ಪಿದರು. ನನ್ನ ಮೊಮ್ಮಗಳ ಲೆಕ್ಕವನ್ನು ದೊಡ್ಡವರೆಲ್ಲ ಕೂತು, ತಿರುವಿ ಹಾಕಿ, ಪ್ರಶ್ನೆ ಕೇಳಿ, ಕಡೆಗೆ ಒಪ್ಪಿದರು. ಭಟ್ಕಳ, ಹೊನ್ನಾವರ, ಕುಮಟಾ, ನಮ್ಮ ಮೂರೂ ತಾಲೂಕು ಆ ಲೆಕ್ಕದ ಒಳಗೇ ಉಳಿದವು.

ಹಿಂದಿನದನ್ನು ಹಿಂದೆ, ಮುಂದಿನದನ್ನು ಮುಂದೆ ಇಟ್ಟು ಬರೆಯಬೇಕು ಎಂದು ಮೊಮ್ಮಗಳು ಹೇಳಿಕೊಟ್ಟಿದ್ದಾಳೆ. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಹೊಟ್ಟೆಯಲ್ಲಿ ಸಂತೋಷ ಕುದಿಯುತ್ತಿರುವಾಗ ಮುಚ್ಚಳ ಒತ್ತಿ ಹಿಡಿಯುವುದು ನನ್ನಿಂದ ಆಗುವುದಿಲ್ಲ. ಉಕ್ಕಿದ್ದು ಉಕ್ಕಲಿ, ಆಮೇಲೆ ಒಲೆ ಒರೆಸಿದರಾಯಿತು.

ಫೋನು ಬಂದಾಗ ನಾನು ಮಿರ್ಜಾನದಿಂದ ಈಚೆ, ಹೆದ್ದಾರಿಯ ಪಕ್ಕ, ಈರುಳ್ಳಿ ಮಾರುತ್ತ ಕೂತಿದ್ದೆ. ಬೇಸಿಗೆಯಲ್ಲಿ ಅದು ನನ್ನ ಜಾಗ. ನಮ್ಮ ಗದ್ದೆಯಲ್ಲಿ ಬೆಳೆದ ಸಿಹಿ ಈರುಳ್ಳಿಯನ್ನು ಅದರ ಒಣಗಿದ ಸೊಪ್ಪಿನಲ್ಲೇ ಜಡೆ ಹೆಣೆದು ಬಿದಿರಿನ ಗಳಕ್ಕೆ ತೂಗು ಹಾಕುತ್ತೇನೆ. ಲಾರಿಗಳ ಸದ್ದಿನಲ್ಲಿ ಅವಳ ಮಾತು ಅರ್ಧ ಕೇಳಿತು, ಅರ್ಧ ಕೇಳಲಿಲ್ಲ. ಕೇಳಿದ ಅರ್ಧವೇ ಸಾಕಾಯಿತು.

"ಅಜ್ಜಿ, ಒಪ್ಪಿದ್ರು. ಮೂರೂ ತಾಲೂಕು ಉಳ್ದವು. ನಾ ಬಸ್ ಹತ್ತಿದೆ, ಸಂಜೆಗೆ ಬತ್ತೆ."

"ಆತು" ಎಂದೆ. ಅಷ್ಟೇ ಬಾಯಿಗೆ ಬಂತು. ಫೋನು ಇಟ್ಟ ಮೇಲೆ ಮಾತು ಬಂತು ನೋಡಿ, ನಿಲ್ಲಲೇ ಇಲ್ಲ. ಆಗ ಎದುರಿಗೆ ನಿಂತಿದ್ದದ್ದು ಅಪ್ಸರಕೊಂಡದ ಜಲಪಾತ ನೋಡಲು ಹೊರಟಿದ್ದ ಒಂದು ಕಾರು. ಅದರೊಳಗಿನ ಹೆಂಗಸು ಕಿಟಕಿ ಇಳಿಸಿ ಜಡೆಯೊಂದಕ್ಕೆ ಎಷ್ಟು ಎಂದು ಕೇಳಿದಳು. ನಾನು ರೇಟು ಹೇಳುವ ಬದಲು, ನಮ್ಮ ರಾಜ್ಯದ ನಡುವಿನ ಮನೆ ಎಷ್ಟು ಗಳಿಸುತ್ತದೆ ಎಂದು ನನ್ನ ಮೊಮ್ಮಗಳು ಲೆಕ್ಕ ಹಾಕಿದ್ದಾಳೆ, ಈಗಷ್ಟೇ ಪಾಸಾಯಿತು ಎಂದೆ. ಪಾಪ, ಅವಳು ಗಂಡನ ಮುಖ ನೋಡಿದಳು. ನಡುವಿನ ಮನೆ ಎಂದರೆ ಯಾವುದು ಎಂದು ಗಂಡನೇ ಕೇಳಿದ. ಕೇಳಬಾರದಿತ್ತು. ಅವರ ಜಲಪಾತ ಅಲ್ಲೇ ತಡವಾಯಿತು.

ನನಗೂ ಅದು ಮೊದಲು ಗೊತ್ತಿರಲಿಲ್ಲ. ಮೊಮ್ಮಗಳು ಘಟ್ಟದ ಮೇಲಿನ ಊರಿನಲ್ಲಿ ದೊಡ್ಡ ಓದು ಓದಲು ಹೋದ ಹೊಸದರಲ್ಲಿ, ಎಂತ ಓದುವುದು ಎಂದು ನಾನು ಕೇಳಿದ್ದೆ. ಮನೆಗಳ ಆದಾಯದ ಮಧ್ಯಾಂಕ ಅಂದಾಜು ಮಾಡುವುದು ಎಂದಳು. ನನ್ನ ಮುಖ ನೋಡಿ ನಗು ಬಂತೇನೋ, ಅಂಗಳದಲ್ಲಿ ನಾನು ಹೆಣೆಯುತ್ತಿದ್ದ ಜಡೆಯನ್ನು ಎತ್ತಿ ಹಿಡಿದಳು. ಜಡೆ ಹೆಣೆಯುವಾಗ ನಾವು ಗಾತ್ರ ನೋಡುತ್ತೇವೆ. ದಪ್ಪ ಗಡ್ಡೆ ಕೆಳಗೆ, ಸಣ್ಣ ಗಡ್ಡೆ ಮೇಲೆ, ನಡುವಿನವು ನಡುವಿಗೆ. ರಾಜ್ಯದ ಮನೆಗಳನ್ನೆಲ್ಲ ಗಳಿಕೆ ನೋಡಿ ಹೀಗೇ ಹೆಣೆದರೆ ಸರಿಯಾಗಿ ನಟ್ಟ ನಡುವೆ ಬರುವ ಮನೆ ಯಾವುದು, ಅದರ ಗಳಿಕೆ ಎಷ್ಟು, ಅದು ತನ್ನ ಕೆಲಸ ಎಂದಳು. ಹಿಂದೆ ಎಷ್ಟಿತ್ತು, ಈಗ ಎಷ್ಟಾಗಿದೆ, ವರ್ಷ ಹೋದ ಹಾಗೆ ಅದು ಏರಿತೋ ಇಳಿಯಿತೋ.

ಎಲ್ಲ ಕೂಡಿಸಿ ಭಾಗ ಮಾಡಿದರೆ ಆಗದೇ ಎಂದು ನಾನು ಕೇಳಿದೆ. ಸರಾಸರಿ ಎಂಬ ಮಾತು ನನಗೂ ಗೊತ್ತು, ಸಂತೆಗೆ ಹೋಗುವವಳು ನಾನು. ಆಗ ಅವಳು ಮಾಡಿಗೆ ತೂಗು ಹಾಕಿದ್ದ ಕುಂಬಳಕಾಯಿ ತೋರಿಸಿದಳು.

"ಅಜ್ಜಿ, ತೀರಾ ಕೆಳಗಿನ ಈರುಳ್ಳಿ ತೆಗ್ದು ಅಲ್ಲಿ ಆ ಕುಂಬಳಕಾಯಿ ಕಟ್ಟಿದ್ರೆ, ನಡುವಿನ ಈರುಳ್ಳಿ ದಪ್ಪ ಆಗ್ತದಾ?"

"ಅದೆಂತಕ್ಕೆ ದಪ್ಪ ಆಗ್ತದೆ? ಜಡೆ ಹರೀತದೆ ಅಷ್ಟೆ."

ಅದೇ, ಎಂದಳು. ಒಬ್ಬ ಕುಂಬಳಕಾಯಿಯಷ್ಟು ದೊಡ್ಡವನಾದರೆ ಸರಾಸರಿ ಲೆಕ್ಕದಲ್ಲಿ ಊರೆಲ್ಲ ದಪ್ಪ ಕಾಣುತ್ತದೆ. ನಡುವಿನ ಮನೆ ಮಾತ್ರ ತನ್ನ ಗಾತ್ರವನ್ನು ತಾನೇ ಹೇಳುತ್ತದೆ. ನನಗೆ ಎಷ್ಟು ಖುಷಿಯಾಯಿತೆಂದರೆ, ಆ ನಡುವಿನ ಮನೆ ಎಲ್ಲಿದೆ, ಒಮ್ಮೆ ಹೋಗಿ ನೋಡಿ ಬರುವಾ ಎಂದು ಹಠ ಹಿಡಿದೆ. ಅವರ ಜಗುಲಿ ಹೇಗಿರಬಹುದು, ಎಮ್ಮೆ ಇರಬಹುದೋ, ಸೊಸೆ ಒಳ್ಳೆಯವಳೋ, ಎಲ್ಲ ತಿಳಿಯುವ ಆಸೆ. ಅದು ಯಾರ ಮನೆಯೂ ಆಗಬಹುದು, ಈ ವರ್ಷ ಇದ್ದದ್ದು ಬರುವ ವರ್ಷ ಇಲ್ಲ ಎಂದು ಅವಳು ಎಷ್ಟು ಹೇಳಿದರೂ ನನ್ನ ತಲೆಯಿಂದ ಆ ಮನೆ ಹೋಗಲಿಲ್ಲ. ಬಸ್ಸಿನಲ್ಲಿ ಹೋಗುವಾಗ ಹಂಚಿನ ಮಾಡು ಕಂಡರೆ, ಇದೇ ಇರಬಹುದೇ ಎಂದು ಕುತ್ತಿಗೆ ತಿರುಗಿಸಿ ನೋಡುತ್ತಿದ್ದೆ.

ಹಾಗೆ ಚೆಂದ ನಡೆಯುತ್ತಿದ್ದ ಕೆಲಸಕ್ಕೆ ಅಡ್ಡಿ ಬಂದದ್ದು ನಮ್ಮ ಕಡೆಯಿಂದಲೇ.

ಕಳೆದ ಮಳೆಗಾಲ ಶುರುವಾಗುವ ಹೊತ್ತಿಗೆ ಮೊಮ್ಮಗಳು ಹೇಳದೆ ಕೇಳದೆ ಮನೆಗೆ ಬಂದಳು. ಚೀಲ ಜಗುಲಿಯಲ್ಲಿ ಇಟ್ಟವಳು ಮುಖ ತೊಳೆಯಲೂ ಏಳಲಿಲ್ಲ. ನನ್ನ ಮನೆಯವರು, ಎಂದರೆ ಅವಳ ಅಜ್ಜ, ಬಸ್ಸಿನಲ್ಲಿ ಯಾರಾದರೂ ಜಗಳ ಮಾಡಿದರಾ ಎಂದು ಕೇಳಿದರು. ಅದಲ್ಲ ಎಂದು ಅವಳೇ ಎಲ್ಲ ಹೇಳಿದಳು.

ಮನೆಗಳ ಗಳಿಕೆಯನ್ನು ಎರಡು ಸಲ ಕೇಳಿ ಬರೆದಿದ್ದರಂತೆ. ಮೊದಲ ಸಲ ಕೇಳಿ ಕೆಲವು ವರ್ಷಗಳಾದವು, ಆಗ ಅವಳಿನ್ನೂ ಆ ಕೆಲಸಕ್ಕೆ ಸೇರಿರಲಿಲ್ಲ. ಎರಡನೆಯ ಸಲ ಕೇಳಲು ಹೋದವರು ಅವಳು ಮತ್ತು ಅವಳ ಗೆಳತಿಯರು. ಮುರಿದ ಕೊಡೆ ಹಿಡಿದು, ಕಾಗದ ನೆನೆಯದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಮನೆ ಮನೆ ತಿರುಗಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಉಳಿದ ಕಡೆಯೆಲ್ಲ ಗಳಿಕೆ ಮೆಲ್ಲಗೆ ಏರಿತ್ತು. ನಮ್ಮ ಮೂರು ತಾಲೂಕಿನಲ್ಲಿ ಮಾತ್ರ ನಡುವಿನ ಮನೆ ಕಪ್ಪೆಯ ಹಾಗೆ ಹಾರಿತ್ತು. ಅಷ್ಟು ಹಾರುವುದು ಸಾಧ್ಯವೇ ಇಲ್ಲ ಎಂದರಂತೆ ಅವಳ ಮೇಷ್ಟ್ರು. ಯಾಕೆ ಹಾರಿತು ಎಂದು ತೋರಿಸಬೇಕು, ಇಲ್ಲವಾದರೆ ಮೂರೂ ತಾಲೂಕನ್ನು ಲೆಕ್ಕದಿಂದ ತೆಗೆಯಬೇಕು. ತೆಗೆದರೆ ಅವಳ ಕೆಲಸ ಅರ್ಧಕ್ಕೆ ನಿಂತ ಹಾಗೆ. ಅಷ್ಟೇ ಆಗಿದ್ದರೆ ಅವಳು ಅಷ್ಟು ಕುಗ್ಗುತ್ತಿರಲಿಲ್ಲ.

"ಮನೆಮನೆಗೆ ಹೋಗಿದ್ದು ಹೌದಾ, ಚಾ ಅಂಗಡೀಲಿ ಕೂತು ಬರ್ದದ್ದಾ ಅಂತ ಕೇಳಿದ್ರು ಅಜ್ಜಿ. ಎಲ್ಲರ ಎದುರಿಗೆ."

ನಾಳೆಯೇ ಘಟ್ಟ ಹತ್ತಿ ಆ ಮೇಷ್ಟ್ರನ್ನು ಮಾತಾಡಿಸಿ ಬರುತ್ತೇನೆ ಎಂದೆ. ಅವರು ಕೇಳಿದ್ದು ತಪ್ಪಲ್ಲ, ನಾನು ಆ ಜಾಗದಲ್ಲಿದ್ದರೂ ಕೇಳುತ್ತಿದ್ದೆ ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು. ಯಾರೋ ಸುಳ್ಳು ಹೇಳಿದ್ದಾರೆ, ಆದರೆ ಎಲ್ಲರೂ ಕೂಡಿ ಒಂದೇ ಸುಳ್ಳು ಯಾಕೆ ಹೇಳಿದರು ಎಂಬುದು ಅವಳ ಚಿಂತೆ. ರಾತ್ರಿ ಉಂಡದ್ದೂ ಸರಿಯಿಲ್ಲ.

ಮಾರನೆಯ ಬೆಳಿಗ್ಗೆ ಮಿರ್ಗದ ಮಳೆ, ಎಂದರೆ ಮೃಗಶಿರದ ಮಳೆ, ಹಿಡಿಯಿತು.

ಇಲ್ಲಿ ನಮ್ಮ ಮನೆಯ ಕ್ರಮ ಹೇಳಬೇಕು. ನನ್ನ ಮೈದುನನ ಸಂಸಾರವೂ ನಮ್ಮದೂ ಒಂದೇ ಮಾಡಿನ ಕೆಳಗೆ ಇವೆ, ನಡುವೆ ಒಂದು ಗೋಡೆ. ಅಡುಗೆ ಬೇರೆ, ಗಳಿಕೆ ಬೇರೆ, ಗಂಡಸರ ಜಗಳವೂ ಬೇರೆ ಬೇರೆ. ಆದರೆ ಮಳೆ ಹಿಡಿದ ದಿನ ನಾವು ಒಲೆ ಕೂಡಿಸುತ್ತೇವೆ. ಮಳೆಗಾಲದಲ್ಲಿ ಒಣ ಕಟ್ಟಿಗೆ ಬಂಗಾರ. ಗ್ಯಾಸ್ ಬಂದಿದೆ, ಅದು ಚಹಾಕ್ಕೆ. ಕುಚಲಕ್ಕಿ ಬೇಯಲು ಕಟ್ಟಿಗೆಯೇ ಬೇಕು. ಮತ್ತೆ ಭತ್ತದ ನೆಟ್ಟಿ ಶುರುವಾದರೆ ಒಬ್ಬಳು ಮನೆಯಲ್ಲಿ ಬೇಯಿಸಬೇಕು, ಉಳಿದವರು ಗದ್ದೆಗೆ ಇಳಿಯಬೇಕು. ನನ್ನ ಅತ್ತೆಯ ಕಾಲದಿಂದಲೂ ಹೀಗೇ. ಚೌತಿಯ ಕಡುಬು ಒಂದೇ ಒಲೆಯಲ್ಲಿ ಬೆಂದ ಮೇಲೆ ಮತ್ತೆ ಒಲೆ ಬಿಡಿಸುತ್ತೇವೆ.

ಹಾಗಾಗಿ ಆ ಬೆಳಿಗ್ಗೆ ನನ್ನ ವಾರಗಿತ್ತಿ ತೆಂಗಿನ ಕರಟದಲ್ಲಿ ಒಂದು ಕೆಂಡ ಇಟ್ಟುಕೊಂಡು, ಸೆರಗಿನಿಂದ ಮಳೆ ಮರೆಮಾಡಿ, ನನ್ನ ಅಡುಗೆಮನೆಗೆ ಬಂದಳು. ಅವಳ ಒಲೆಯ ಕೆಂಡವನ್ನು ನನ್ನ ಒಲೆಗೆ ಹಾಕುವುದು, ಆಮೇಲೆ ಅವಳ ದೊಡ್ಡ ತಪ್ಪಲೆ ತಂದು ಏರಿಸುವುದು, ಇದು ಕ್ರಮ. "ನನ್ನ ಒಲೆ ಮಲಗ್ತು ಅಕ್ಕಾ" ಎಂದಳು, ಪ್ರತಿ ವರ್ಷ ಹೇಳುವ ಹಾಗೆ. ಎದ್ದಾಗ ಹೇಳು, ನಿನ್ನ ಗಂಡನ ಹಾಗೆ ಅದೂ ಸೋಮಾರಿ ಎಂದು ನಾನೂ ಪ್ರತಿ ವರ್ಷದ ಮಾತನ್ನೇ ಹೇಳಿದೆ.

ಮೊಮ್ಮಗಳು ಗಂಜಿ ಬಟ್ಟಲು ಹಿಡಿದು ಕೂತಿದ್ದಳು. ಹುಟ್ಟಿದಾಗಿನಿಂದ ನೋಡಿದ್ದೇ. ಆದರೆ ಓದಲು ಹೋದ ಮೇಲೆ ಮಳೆಗಾಲದಲ್ಲಿ ಅವಳು ಮನೆಯಲ್ಲಿ ಇದ್ದದ್ದು ಕಡಿಮೆ. ಅವಳ ಕೈ ಬಟ್ಟಲಲ್ಲೇ ನಿಂತಿತು.

"ಸಣ್ಣಜ್ಜಿ, ಹಿಂದೆ ಬೇಸಿಗೇಲಿ ಲೆಕ್ಕ ಬರ್ಕೊಳ್ಳೂಕೆ ಬಂದಿದ್ರಲ್ಲ, ಮನೇಲಿ ಯಾರ್ಯಾರು ಅಂತ ಹೇಳಿದ್ರಿ?"

"ನನ್ನ ಒಲೆಯವರನ್ನ ಹೇಳ್ದೆ. ನಿನ್ನ ಅಜ್ಜಿ ಸಂಸಾರ ನನ್ನ ತಲೆ ಮೇಲೆ ಎಂತಕ್ಕೆ?"

"ಮಳೆಗಾಲದಲ್ಲಿ ಬಂದು ಕೇಳಿದ್ರೆ?"

"ಮಳೆಗಾಲದಲ್ಲಿ ನನ್ನ ಒಲೆ ಎಲ್ಲಿ ಅದೆ ಮಾರಾಯ್ತಿ? ಎಲ್ಲರದ್ದೂ ಒಂದೇ ಮನೆ ಅಂತ ಹೇಳೂದು."

ಮೊಮ್ಮಗಳು ಬಟ್ಟಲನ್ನು ನೆಲಕ್ಕೆ ಇಟ್ಟಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ವಾರಗಿತ್ತಿ ಹೆದರಿ, ನಾನೆಂತ ತಪ್ಪು ಹೇಳಿದೆ ಎಂದು ನನ್ನನ್ನು ಕೇಳಿದಳು. ಆಮೇಲೆ ಮೊಮ್ಮಗಳು ಬಿಡಿಸಿ ಹೇಳಿದಳು. ಅವರ ಲೆಕ್ಕದಲ್ಲಿ ಒಂದು ಅಡುಗೆಯಲ್ಲಿ ಉಣ್ಣುವವರು ಎಂದರೆ ಒಂದು ಮನೆ. ಮೊದಲ ಸಲ ಕೇಳಿದ್ದು ಬೇಸಿಗೆಯಲ್ಲಿ. ಎರಡನೆಯ ಸಲ ಹಣ ತಡವಾಗಿ ಬಂದು, ಕೇಳಿದ್ದು ಮಳೆಗಾಲದಲ್ಲಿ. ಕೇಳಿದ್ದು ಎರಡು ಸಲವೂ ವರ್ಷದ ಗಳಿಕೆಯನ್ನೇ. ಬೇಸಿಗೆಯಲ್ಲಿ ಎರಡು ಮನೆಯಾಗಿ ಬರೆದುಕೊಂಡವರು ಮಳೆಗಾಲದಲ್ಲಿ ಒಂದೇ ಮನೆಯಾಗಿದ್ದರು. ಎರಡು ಸಂಸಾರದ ಗಳಿಕೆ ಒಂದು ಮನೆಯ ಹೆಸರಿಗೆ ಬಿದ್ದಿತ್ತು. ಹಾರದೆ ಏನು ಮಾಡುತ್ತದೆ? ಒಲೆ ಕೂಡಿಸದ ಕಡೆ ಹಾರಿರಲಿಲ್ಲ. ಸುಳ್ಳು ಯಾರೂ ಹೇಳಿರಲಿಲ್ಲ. ಬೇಸಿಗೆಯಲ್ಲಿ ಹೇಳಿದ್ದೂ ನಿಜ, ಮಳೆಗಾಲದಲ್ಲಿ ಹೇಳಿದ್ದೂ ನಿಜ. ಎರಡು ನಿಜ ಕೂಡಿ ಒಂದು ಸುಳ್ಳು ಹುಟ್ಟಿತ್ತು.

ಹಾಗಾದರೆ ಎಲ್ಲವನ್ನೂ ಅರ್ಧ ಮಾಡಿಬಿಡು, ಮುಗಿಯಿತು ಎಂದೆ ನಾನು. ಅವಳು ನಕ್ಕಳು, ಬಂದ ಮೇಲೆ ಮೊದಲ ಸಲ. ಎಲ್ಲರ ಮನೆಯಲ್ಲಿ ಹೀಗೆ ಇರುವುದಿಲ್ಲ ಅಜ್ಜಿ, ನಮ್ಮ ಮನೆಯ ಕೆಂಡ ತೋರಿಸಿ ಮೂರು ತಾಲೂಕು ತಿದ್ದಲು ಆಗುವುದಿಲ್ಲ, ಕೇಳಿ ಬರಬೇಕು ಎಂದಳು. ಮತ್ತೆ ಮನೆ ಮನೆ ತಿರುಗುವುದು, ಮತ್ತೆ ಮಳೆ. ಈ ಸಲ ನಾನೂ ಹೊರಟೆ. ಒಲೆ ಹೇಗೂ ಕೂಡಿತ್ತು, ಬೇಯಿಸಲು ವಾರಗಿತ್ತಿ ಇದ್ದಳು. ನನ್ನ ಮನೆಯವರು ಜಗುಲಿಯಲ್ಲಿ ಕೂತು, ಈರುಳ್ಳಿ ಇಲ್ಲದ ಕಾಲಕ್ಕೆ ಇವಳು ಲೆಕ್ಕ ಮಾರಲು ಹೊರಟಳು ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಹೇಳಿದರು. ಹೇಳಲಿ.

ಆ ದಿನಗಳನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಈ ವಯಸ್ಸಿನಲ್ಲಿ ಮೊಮ್ಮಗಳ ಪಕ್ಕ ಬಸ್ಸಿನಲ್ಲಿ ಕೂತು ಊರೂರು ತಿರುಗುವುದು ಎಂದರೆ ಸಣ್ಣ ಮಾತೇ? ಹೊನ್ನಾವರದ ಕಾಸರಕೋಡದಲ್ಲಿ ದೋಣಿಗಳೆಲ್ಲ ದಡಕ್ಕೆ ಏರಿ ತೆಂಗಿನ ಗರಿ ಹೊದ್ದು ಮಲಗಿದ್ದವು. ಒಣಮೀನು ಮಾರುವ ಹೆಂಗಸೊಬ್ಬಳು ಬಾಗಿಲಿಗೆ ಅಡ್ಡ ನಿಂತು, ಒಲೆ ಎಣಿಸಿ ರೇಷನ್ ಕಾರ್ಡು ಕಿತ್ತುಕೊಳ್ಳಲು ಬಂದಿರಾ ಎಂದು ಕೇಳಿದಳು. ನಾನು ಸಂತೆಯಲ್ಲಿ ಕಲಿತ ಕೊಂಕಣಿಯಲ್ಲಿ, ಕಾರ್ಡು ಯಾರಿಗೆ ಬೇಕು, ಈ ಹುಡುಗಿಯ ಮಾನ ಉಳಿಯಬೇಕಾಗಿದೆ ಎಂದು ಹೇಳಿದೆ. ಚಾ ಅಂಗಡಿಯ ಮಾತನ್ನೂ ಹೇಳಿದೆ. ಅವಳು ಮೊಮ್ಮಗಳನ್ನು ಮೇಲಿನಿಂದ ಕೆಳಗೆ ನೋಡಿದಳು. ಹೋದ ಮಳೆಗಾಲ ನಮ್ಮ ಅಂಗಳದಲ್ಲಿ ಜಾರಿ ಬಿದ್ದವಳು ಇವಳೇ ಅಲ್ಲವಾ, ಅಂಗಡಿಯಲ್ಲಿ ಕೂತವಳಿಗೆ ಮೊಣಕಾಲಿಗೆ ಕೆಸರು ಹೇಗೆ ಹತ್ತಿತು ಎಂದು ಕೇಳು ಆ ಮೇಷ್ಟ್ರಿಗೆ ಎಂದಳು. ಆಮೇಲೆ ಬಾಗಿಲು ಬಿಟ್ಟಳು, ಒಳಗೆ ಕರೆದಳು, ಮಾತೆಲ್ಲ ಹೊರಗೆ ಬಂತು. ಕಡಲಿಗೆ ಇಳಿಯದ ತಿಂಗಳಲ್ಲಿ ಅವರ ಅಣ್ಣತಮ್ಮಂದಿರ ಒಲೆಯೂ ಒಂದೇ. ಪಕ್ಕದ ಮನೆಯಲ್ಲಿ ಹಾಗಿಲ್ಲ, ಅಲ್ಲಿ ಅಣ್ಣತಮ್ಮಂದಿರಿಗೆ ಮಾತೇ ಇಲ್ಲ. ಮೊಮ್ಮಗಳು ಅದನ್ನೂ ಬರೆದುಕೊಂಡಳು, ಇದನ್ನೂ ಬರೆದುಕೊಂಡಳು. ನಮಗೆ ಅನುಕೂಲದ್ದನ್ನು ಮಾತ್ರ ಬರಿ ಎಂದು ನಾನು ಪಿಸುಗುಟ್ಟಿದ್ದಕ್ಕೆ ಕಣ್ಣು ಬಿಟ್ಟಳು.

ಭಟ್ಕಳದಲ್ಲಿ ನನ್ನ ಹಳೆಯ ಗಿರಾಕಿಯೊಬ್ಬರಿದ್ದಾರೆ, ನನ್ನ ಹಾಗೇ ವಯಸ್ಸಾದ ಹೆಂಗಸು. ಮನೆಯಲ್ಲಿ ನವಾಯತಿ ಮಾತಾಡುತ್ತಾರೆ, ನನ್ನ ಹತ್ತಿರ ಕನ್ನಡ. ಪ್ರತಿ ಬೇಸಿಗೆ ಕಾರು ನಿಲ್ಲಿಸಿ ಜಡೆಗಟ್ಟಲೆ ಈರುಳ್ಳಿ ಒಯ್ಯುತ್ತಾರೆ, ನನ್ನನ್ನು ಈರುಳ್ಳಿ ಬಾಯಿ, ಎಂದರೆ ಈರುಳ್ಳಿ ಹೆಂಗಸು, ಎಂದೇ ಕರೆಯುತ್ತಾರೆ. ಅವರ ಮನೆಗೆ ಹೋದರೆ ಕತೆಯೇ ಉಲ್ಟಾ. ಅಲ್ಲಿ ಮಳೆಗೂ ಒಲೆಗೂ ಸಂಬಂಧವಿಲ್ಲ. ದುಬೈಯಲ್ಲಿರುವ ಮಗ ರಜೆಗೆ ಬಂದಾಗ ಸೊಸೆ ಮಹಡಿಯ ಮೇಲೆ ಬೇರೆ ಅಡುಗೆ ಮಾಡುತ್ತಾಳೆ, ಅವನು ಹೋದ ಮೇಲೆ ಅತ್ತೆಯ ಅಡುಗೆಗೆ ಬಂದು ಸೇರುತ್ತಾಳೆ.

"ವಿಮಾನ ಮೇಲೆ ಹೋದ್ರೆ ಒಲೆ ಕೆಳಗೆ ಬತ್ತದೆ, ಬಾಯಿ" ಎಂದರು. ಮೊಮ್ಮಗಳು ಪೆನ್ನು ಬಿಟ್ಟು ನಕ್ಕಳು. ನಾವು ಹೊರಡುವಾಗ ಅವರು ಅವಳ ಕೈ ಹಿಡಿದುಕೊಂಡು, ಪಾಸಾದ ದಿನ ನನಗೆ ಫೋನು ಮಾಡಬೇಕು, ಆಗದಿದ್ದರೂ ಮಾಡಬೇಕು ಎಂದರು.

ಮೊಮ್ಮಗಳು ಘಟ್ಟದ ಮೇಲೆ ಹೋಗಿ ಎಲ್ಲವನ್ನೂ ಹೊಸದಾಗಿ ಹೆಣೆದಳು. ಯಾವ ಮನೆಯ ಒಲೆ ಎಷ್ಟು ತಿಂಗಳು ಕೂಡಿರುತ್ತದೆ, ಎಷ್ಟು ತಿಂಗಳು ಬೇರೆ ಎಂದು ನೋಡಿ, ಬೇಸಿಗೆಯ ಮನೆಯನ್ನು ಬೇಸಿಗೆಯ ಮನೆಯ ಪಕ್ಕ ಇಟ್ಟಳು. ಅದರ ಒಳಗಿನ ಗಣಿತ ನನಗೆ ಗೊತ್ತಿಲ್ಲ, ಗೊತ್ತಿದೆ ಎಂದು ಹೇಳುವುದೂ ಇಲ್ಲ. ಕೊನೆಗೆ ಫೋನಿನಲ್ಲಿ ಒಂದು ಮಾತು ಹೇಳಿದಳು, ಅದು ನನಗೆ ಪೂರ್ತಿ ಅರ್ಥವಾಯಿತು.

"ನಮ್ಮ ಕಡೆ ನಡುವಿನ ಮನೆ ಹಾರಲಿಲ್ಲ ಅಜ್ಜಿ. ಮೆಟ್ಟಿಲು ಹತ್ತಿದೆ."

ಹತ್ತಿದೆ ಎಂದರೆ ಸಾಕಲ್ಲ. ಹಾರಿದವರು ಬೀಳುತ್ತಾರೆ. ಮೇಷ್ಟ್ರು ಅದನ್ನು ಓದಿ, ಇದನ್ನು ಪರೀಕ್ಷೆ ಮಾಡುವ ದೊಡ್ಡವರಿಗೆ ಕಳಿಸುವಾ ಎಂದರಂತೆ. ಅಲ್ಲಿಂದ ಇವತ್ತಿನವರೆಗೆ ಕಾದದ್ದು ನಾನು ಬಲ್ಲೆ. ಗದ್ದೆಗೆ ಈರುಳ್ಳಿ ಸಸಿ ನೆಟ್ಟೆವು, ಕಿತ್ತೆವು, ಒಣಗಿಸಿದೆವು, ಜಡೆ ಹೆಣೆದೆವು. ಪ್ರತಿ ಜಡೆಯ ನಡುವಿನ ಗಡ್ಡೆಯನ್ನು ಮುಟ್ಟಿ ಒಮ್ಮೆ ದೇವರನ್ನು ನೆನೆಯುತ್ತಿದ್ದೆ.

ಇವತ್ತು ಆ ಕಾರಿನವರಿಗೆ ಇಷ್ಟೂ ಹೇಳಿ ಮುಗಿಸುವಾಗ ಹಿಂದೆ ಇನ್ನೊಂದು ಕಾರು ಹಾರ್ನು ಹೊಡೆಯುತ್ತಿತ್ತು. ಎರಡು ಜಡೆ ಕೊಟ್ಟು ಕಳಿಸಿದೆ, ಹಣ ತೆಗೆದುಕೊಂಡೆನೋ ಇಲ್ಲವೋ ಈಗಲೂ ನೆನಪಿಲ್ಲ. ಉಳಿದದ್ದನ್ನು ಗೋಣಿಯಲ್ಲಿ ತುಂಬಿ ಹೊತ್ತಿಗೆ ಮೊದಲೇ ಮನೆಗೆ ಬಂದೆ. ಬರುವ ದಾರಿಯಲ್ಲೇ ಭಟ್ಕಳಕ್ಕೆ ಫೋನು ಮಾಡಿದೆ. ಅವರು ಎಷ್ಟು ಗಟ್ಟಿಯಾಗಿ ನಕ್ಕರೆಂದರೆ ಫೋನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಸಂಜೆಯೊಳಗೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹಲ್ವಾದ ಡಬ್ಬಿ ಬಂತು.

ಮನೆಯವರಿಗೆ ಸುದ್ದಿ ಹೇಳಿದರೆ, ನನಗೆ ಮೊದಲೇ ಗೊತ್ತಿತ್ತು ಎಂದರು. ಹಾಗೆಂದವರು ಪಂಚೆ ಬದಲಿಸಿ, ನದಿ ಕಡೆ ಹೋಗಿ, ಮೊಮ್ಮಗಳಿಗೆ ಇಷ್ಟವೆಂದು ಅಘನಾಶಿನಿಯ ಬಳಚು ಚಿಪ್ಪುಮೀನು ಕೊಂಡು ತಂದರು. ನಾನೂ ಸೊಸೆಯೂ, ಎಂದರೆ ಮೊಮ್ಮಗಳ ಅಮ್ಮನೂ, ಅದನ್ನು ತೊಳೆದು, ಬೇಯಿಸಿ ಬಾಯಿ ಬಿಡಿಸಿ, ತೆಂಗಿನಕಾಯಿ ಹಾಕಿ ಸುಕ್ಕಾ ಮಾಡಲು ಕೂತೆವು. ಈರುಳ್ಳಿಗೆ ಬರವಿರಲಿಲ್ಲ.

ಹೊತ್ತು ಮುಳುಗುವಾಗ ಮೊಮ್ಮಗಳು ಅಂಗಳಕ್ಕೆ ಕಾಲಿಟ್ಟಳು. ಕಾಲು ತೊಳೆದು ಒಳಗೆ ಬಂದು ನನ್ನ ಭುಜಕ್ಕೆ ಮುಖ ಒತ್ತಿದಳು, ನಾನು ಮಸಾಲೆಯ ಕೈಯನ್ನು ಮೇಲೆತ್ತಿ ಹಿಡಿದು ನಿಂತೆ. ಆಗ ಹಿತ್ತಿಲ ಬಾಗಿಲು ಕಿರ್ ಎಂದಿತು. ನನ್ನ ವಾರಗಿತ್ತಿ. ಒಂದು ಕೈಯಲ್ಲಿ ಕರಟ, ಅದರಲ್ಲಿ ಕೆಂಡ. ಹೊರಗೆ ಒಂದು ಮೋಡವಿಲ್ಲ, ಮಿರ್ಗಕ್ಕೆ ಇನ್ನೂ ಎಷ್ಟೋ ದಿನ. ನಾನು ನೋಡುತ್ತಲೇ ಇದ್ದೆ. ಅವಳು ಏನೂ ಆಗದವಳ ಹಾಗೆ ಬಂದು ಕೆಂಡವನ್ನು ನನ್ನ ಒಲೆಗೆ ಹಾಕಿ, ಊದಿ, ಮೊಮ್ಮಗಳ ಕಡೆ ತಿರುಗಿದಳು.

"ಈಗ ಯಾರಾದ್ರೂ ಕೇಳೂಕೆ ಬಂದ್ರೆ ಎಷ್ಟು ಮನೆ ಅಂತ ಹೇಳೂದೆ?"

"ಇವತ್ತು ಯಾರಿಗೂ ಬಾಗಿಲು ತೆಗೀಬೇಡಿ ಸಣ್ಣಜ್ಜಿ" ಎಂದಳು ಮೊಮ್ಮಗಳು.

ಅವಳ ತಪ್ಪಲೆ ಬಂತು, ಮೈದುನ ಬಂದ, ಅವನ ಮಗ ಸೊಸೆ ಬಂದರು, ನನ್ನ ಮಗ ಕೆಲಸದಿಂದ ಬಂದು ಅಂಗಿ ತೂಗು ಹಾಕಿದ. ಅಡುಗೆಮನೆಯಲ್ಲಿ ಜಾಗ ಸಾಲದೆ ಜಗುಲಿಯಲ್ಲಿ ಬಾಳೆಲೆ ಹಾಸಿದೆವು. ಕುಚಲಕ್ಕಿ ಅನ್ನ, ಬಳಚಿನ ಸುಕ್ಕಾ, ಬಂಗಡೆ ಸಾರು, ಹಸಿ ಈರುಳ್ಳಿ, ಕೊನೆಗೆ ಭಟ್ಕಳದ ಹಲ್ವಾ. ಮೊಮ್ಮಗಳ ಎಲೆಯನ್ನು ನನ್ನ ಮನೆಯವರು ತಾವೇ ಎತ್ತಿ ಸಾಲಿನ ನಟ್ಟ ನಡುವೆ ಹಾಕಿದರು. ನಾನು ಬಡಿಸುತ್ತ ಹೋದೆ. ನೀನೂ ಕೂತುಕೋ ಎಂದು ಎಲ್ಲರೂ ಕರೆದ ಮೇಲೆ ಕೂತೆ. ವಾರಗಿತ್ತಿ ನನ್ನ ಎಲೆಗೆ ಅನ್ನ ಹಾಕಿದಳು, ಸಾಕು ಎಂದರೂ ಇನ್ನೊಂದು ಸೌಟು ಹಾಕಿದಳು, ನಾನು ಉಂಡೆ.